ನೋ ಕ್ಲೇಮ್ ಬೋನಸ್ ಯಾರದು?

ಮೊನ್ನೆ ಭಾನುವಾರ ಖಾನಾಪುರದಲ್ಲಿ, ನನ್ನ ಹೆಂಡತಿಯ ತವರುಮನೆಯಲ್ಲಿ, ಅಟ್ಟದ ಮೇಲಿದ್ದ ಹಳೇ ಟ್ರಂಕೊಂದನ್ನು ಖಾಲಿ ಮಾಡುತ್ತಿದ್ದೆವು. ಹಂಚಿನ ವ್ಯಾಪಾರದ ಲೆಕ್ಕದ ಪುಸ್ತಕಗಳ ನಡುವೆ ಮಾವನವರ ಮಾರುತಿ 800 ಕಾರಿನ ಇನ್ಶೂರೆನ್ಸ್ ಪಾಲಿಸಿ ಸಿಕ್ಕಿತು. 2003ನೇ ಇಸವಿಯದು. ಮಾವನವರನ್ನು ನಾನು ನೋಡಿಲ್ಲ, ನಮ್ಮ ಮದುವೆಗೆ ಬಹಳ ಮೊದಲೇ ತೀರಿಕೊಂಡರು. ಆದರೆ ಆ ಹಾಳೆಯ ಒಂದು ಸಾಲು ನನ್ನ ಕಣ್ಣು ಹಿಡಿದುಕೊಂಡಿತು. ನೋ ಕ್ಲೇಮ್ ಬೋನಸ್: ಶೇ. 65.

ಶೇ. 65?! ನನ್ನ ಪಾಲಿಸಿಯಲ್ಲಿರುವುದು ಶೇ. 50, ಅದೇ ಕೊನೆಯ ಮೆಟ್ಟಿಲು ಅಂತ ನಾನು ತಿಳಿದಿದ್ದೆ. ನಾನೋ ಸಾಫ್ಟ್‌ವೇರ್ ಇಂಜಿನಿಯರ್. ಸ್ಪೆಸಿಫಿಕೇಶನ್ನಿನಲ್ಲಿ ಇಲ್ಲದ ನಂಬರ್ ಔಟ್‌ಪುಟ್‌ನಲ್ಲಿ ಕಂಡರೆ ರಾತ್ರಿ ನಿದ್ದೆ ಬರೋಲ್ಲ. ಅದೂ ಅಲ್ಲದೆ ನಮಗೆ ಇದು ಬರೀ ಕುತೂಹಲದ ವಿಷಯವೂ ಆಗಿರಲಿಲ್ಲ. ಈಗಿರುವ ಕಾರು ಮಾರಿ ಹೊಸದು ಕೊಳ್ಳುವ ಯೋಚನೆಯಲ್ಲಿದ್ದೇವೆ, ಯಾರ ಹೆಸರಿನಲ್ಲಿ ಕೊಳ್ಳುವುದು ಅನ್ನುವ ಮಾತು ಒಂದು ವಾರದಿಂದ ಮನೆಯಲ್ಲಿ ನಡೆದಿತ್ತು.

ಮೊದಲು ಸ್ವಲ್ಪ ಇತಿಹಾಸ ಹೇಳಿಬಿಡುತ್ತೇನೆ, ಬೇಸರ ಮಾಡ್ಕೋಬೇಡಿ.

ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯ್ದೆ ವಾಹನದ ವಿಮೆಯನ್ನು ಕಡ್ಡಾಯ ಮಾಡಿತು. ಅದೇ ದಾರಿಯಲ್ಲಿ ನಮ್ಮ 1939ರ ಮೋಟಾರು ವಾಹನ ಕಾಯ್ದೆಯೂ ಬಂತು. ಆದರೆ ಅದರಲ್ಲಿನ ವಿಮೆಯ ಅಧ್ಯಾಯ ಜಾರಿಯಾಗಿದ್ದು 1946ರ ಜುಲೈ 1ರಂದು. ಕಡ್ಡಾಯವಾಗಿದ್ದು ಥರ್ಡ್ ಪಾರ್ಟಿ ಮಾತ್ರ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಪರಿಹಾರ. ಇವತ್ತಿಗೂ, 1988ರ ಕಾಯ್ದೆಯ 146ನೇ ಕಲಮಿನ ಪ್ರಕಾರ, ಕಡ್ಡಾಯ ಇರೋದು ಅಷ್ಟೇ. ನಮ್ಮ ಸ್ವಂತ ಕಾರಿನ ಹಾನಿಗೆ ತೆಗೆದುಕೊಳ್ಳುವ 'ಓನ್ ಡ್ಯಾಮೇಜ್' ನಮ್ಮ ಇಚ್ಛೆ. ಬೋನಸ್ ಸಿಗುವುದು ಈ ಎರಡನೆಯ ಭಾಗದ ಮೇಲೆ ಮಾತ್ರ, ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

1973ರ ಜನವರಿ 1ರಂದು ಸಾಮಾನ್ಯ ವಿಮೆಯ ರಾಷ್ಟ್ರೀಕರಣ ಆಯಿತು. 107 ಕಂಪನಿಗಳನ್ನು ಸೇರಿಸಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಮಾಡಿದರು. ದರ ಹೇಳುತ್ತಿದ್ದುದು ಟ್ಯಾರಿಫ್ ಅಡ್ವೈಸರಿ ಕಮಿಟಿ. ಯಾವ ಕಂಪನಿಗೆ ಹೋದರೂ ಅದೇ ದರ, ಅದೇ ರಿಯಾಯಿತಿ. 'ಆಯ್ಕೆ' ಅನ್ನೋದೇ ಇರಲಿಲ್ಲ. ಮಾವನವರು 1994ರಲ್ಲಿ ಕಾರು ಕೊಂಡಾಗ ಇದ್ದದ್ದು ಇದೇ ವ್ಯವಸ್ಥೆ.

2002ರ ಜುಲೈ 1ರಿಂದ ಹೊಸ ಇಂಡಿಯಾ ಮೋಟಾರ್ ಟ್ಯಾರಿಫ್ ಬಂತು. ನಮಗೆಲ್ಲ ಗೊತ್ತಿರುವ ಏಣಿ ಅದರದ್ದೇ: ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ನಂತರ 25, 35, 45, ಐದನೇ ವರ್ಷಕ್ಕೆ 50. ಮತ್ತೆ ಆ 65? ಹಳೇ ಟ್ಯಾರಿಫಿನಲ್ಲಿ ಶೇ. 55 ಮತ್ತು 65ರ ಮೆಟ್ಟಿಲುಗಳಿದ್ದವು. 2002ರ ಜುಲೈಯಿಂದ 2003ರ ಜೂನ್ ಒಳಗಿನ ನವೀಕರಣದಲ್ಲಿ ಯಾರು ಆ ಮೆಟ್ಟಿಲಿಗೆ ಅರ್ಹರಾಗಿರುತ್ತಾರೋ ಅವರಿಗೆ ಅದು ಮುಂದೆಯೂ ಉಳಿಯುತ್ತದೆ, ಒಂದು ಕ್ಲೇಮ್ ಮಾಡುವವರೆಗೆ ಮಾತ್ರ, ಅಂತ ಹೊಸ ಟ್ಯಾರಿಫಿನಲ್ಲಿ ಒಂದು ವಿಶೇಷ ಕಲಮು ಹಾಕಿದ್ದರು. ಒಮ್ಮೆ ಕ್ಲೇಮ್ ಮಾಡಿದರೆ ಸೊನ್ನೆ, ಆಮೇಲೆ ಜನ್ಮದಲ್ಲಿ 65 ನೋಡುವ ಹಾಗಿಲ್ಲ.

ಇದನ್ನು ಹೇಳಿದಾಗ ಅತ್ತೆ ನಕ್ಕರು. "ಅದಕ್ಕ ನೋಡ್ರಿ, ಮಳಿಗಾಲದಾಗ ಗಾಡಿ ಗ್ವಾಡಿಗೆ ಗುದ್ದಿ ಹಿಂದಿನ ದೀಪ ಎಲ್ಲಾ ಒಡದಿತ್ತು. ಕೈಯಿಂದನ ರೊಕ್ಕಾ ಕೊಟ್ಟು ರಿಪೇರಿ ಮಾಡಿಸಿದ್ರು. ಇನ್ಶೂರೆನ್ಸ್ ಐತೆಲ್ಲ ಅಂದ್ರ ಬೈತಿದ್ರು!"

ಲೆಕ್ಕ ಬಲ್ಲವರು ಇದಕ್ಕೆ 'ಬೋನಸ್ ಹಸಿವು' ಅನ್ನುತ್ತಾರೆ. ನಮಗೂ ಅದೇ ಆಗಿದೆ. ಕಳೆದ ವರ್ಷ ಬೆಳಗಾವಿಯ ಮೂರನೇ ರೈಲ್ವೆ ಗೇಟ್ ಹತ್ತಿರ ಟೆಂಪೊ ಒಂದು ಸವರಿ ಬಂಪರ್ ಹೋಯಿತು. ಖರ್ಚು ಎಂಟು ಸಾವಿರ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ, ಮೇಲೆ ಕಡ್ಡಾಯವಾಗಿ ನಾವೇ ಹೊರಬೇಕಾದ ಒಂದು ಸಾವಿರ. ಅಷ್ಟೆಲ್ಲ ಕಳೆದು ಕೈಗೆ ಬರುವುದು ಎಷ್ಟು? ಇನ್ನೊಂದು ಕಡೆ, 50ರ ಮೆಟ್ಟಿಲಿನಿಂದ ಸೊನ್ನೆಗೆ ಬಿದ್ದರೆ ಮೊದಲ ವರ್ಷ 50, ಆಮೇಲೆ 30, 25, 15, 5, ಒಟ್ಟು ಶೇ. 125. ಪ್ರೀಮಿಯಂ ಬದಲಾಗದಿದ್ದರೆ ಒಂದೂಕಾಲು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ ಹೋದಂತೆ. ನಾವೂ ಕೈಯಿಂದಲೇ ಕೊಟ್ಟೆವು. ಅಂದರೆ ಈ ಬೋನಸ್ ಅಳೆಯುವುದು ಎಷ್ಟು ಚೆನ್ನಾಗಿ ಓಡಿಸಿದೆವು ಅನ್ನೋದನ್ನಲ್ಲ, ಎಷ್ಟು ಸುಮ್ಮನಿದ್ದೆವು ಅನ್ನೋದನ್ನು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಕಾರು ನನ್ನ ಹೆಸರಿನಲ್ಲಿದೆ, ಸಾಲ ತೆಗೆದವನು ನಾನು. ಆದರೆ ನಾನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತೇನೆ. ನನ್ನ ಹೆಂಡತಿ ಖಾನಾಪುರದಲ್ಲಿ ಟೀಚರ್. ಟಿಳಕವಾಡಿಯಿಂದ ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ ದಿನಾ ಹೋಗಿ ಬರುವವಳು ಅವಳು. ಖಾನಾಪುರದ ಮಳೆ ಗೊತ್ತಲ್ಲ, ಜುಲೈ ತಿಂಗಳಲ್ಲಿ ಮುಂದಿನ ಲಾರಿ ಕಾಣೋಲ್ಲ. ನಾಲ್ಕು ವರ್ಷ ಆ ಮಳೆಯಲ್ಲಿ ಓಡಿಸಿದ್ದಾಳೆ. ಬೋನಸ್ ಮಾತ್ರ ನನ್ನ ಹೆಸರಿನಲ್ಲಿ ಬೆಳೆದಿದೆ.

"ಹಂಗಾರ ಹೊಸಾ ಕಾರ್ ನನ್ನ ಹೆಸರಿಲೆ ತಗೊಂಡ್ರ ನಂದೆಷ್ಟು ಬೋನಸ್?" ಅಂತ ಕೇಳಿದಳು.

ಸೊನ್ನೆ.

ಕಾರಣ ಆ 2002ರ ಟ್ಯಾರಿಫಿನಲ್ಲೇ ಇದೆ. ಬೋನಸ್ ಹೋಗುವುದು ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರ ಹಿಂದೆ, ಕಾರಿನ ಹಿಂದೆ ಅಲ್ಲ. ಕಾರು ಮಾರಿದರೆ ಕಾಯ್ದೆಯ 157ನೇ ಕಲಮಿನಂತೆ ಥರ್ಡ್ ಪಾರ್ಟಿ ರಕ್ಷಣೆ ಕಾರಿನ ಜೊತೆ ಹೊಸ ಮಾಲೀಕನಿಗೆ ಹೋಗುತ್ತದೆ. ಬೋನಸ್ ನನ್ನ ಬಳಿ ಉಳಿಯುತ್ತದೆ, ಪತ್ರ ಬರೆಸಿಕೊಂಡರೆ ಮೂರು ವರ್ಷದವರೆಗೆ. ನಮ್ಮಲ್ಲಿ ಪಾಲಿಸಿ ಕೊಡುವಾಗ ದಿನಾ ಓಡಿಸುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಲೈಸೆನ್ಸ್ ಇದ್ದು ಮಾಲೀಕರ ಒಪ್ಪಿಗೆ ಇದ್ದರೆ ಯಾರು ಓಡಿಸಿದರೂ ರಕ್ಷಣೆ ಇದೆ. ಬ್ರಿಟನ್ನಿನಲ್ಲಿ ಓಡಿಸುವವರ ಹೆಸರೇ ಪಾಲಿಸಿಯಲ್ಲಿರುತ್ತದೆ, ಕೆಲವು ಕಂಪನಿಗಳು ಎರಡನೇ ಡ್ರೈವರಿನ ವರ್ಷಗಳನ್ನೂ ಲೆಕ್ಕ ಹಿಡಿಯುತ್ತವೆ. ನಮ್ಮದು ಸರಳ, ಆದರೆ ಆ ಸರಳತೆಯಲ್ಲಿ ಸ್ಟೀರಿಂಗ್ ಹಿಡಿದವರು ಮಾಯ.

ಗಂಡನ ಬೋನಸ್ ಹೆಂಡತಿಗೆ ಬರುವ ದಾರಿ ಒಂದು ಇದೆ. ಪಾಲಿಸಿದಾರ ತೀರಿಕೊಂಡು ಕಾರು ಸಂಗಾತಿಗೋ ಮಕ್ಕಳಿಗೋ ತಂದೆತಾಯಿಗೋ ಬಂದರೆ ಬೋನಸ್ಸೂ ಬರುತ್ತದೆ. ಅಂದರೆ ನನ್ನ ಐವತ್ತು ಅವಳಿಗೆ ಸಿಗಬೇಕಾದರೆ ನಾನು ಸಾಯಬೇಕು :-) ತಮಾಷೆ ಮಾಡಿದೆ, ಆದರೆ ಅತ್ತೆ ಸುಮ್ಮನಾದರು. ಮಾವನವರು ಹೋದಾಗ ಈ ನಿಯಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾರನ್ನು ಆರೇ ತಿಂಗಳಲ್ಲಿ ಮಾರಿದರು. ಒಡೆದ ದೀಪಕ್ಕೆ ಕೈಯಿಂದ ದುಡ್ಡು ಕೊಟ್ಟು ಕಾಪಾಡಿದ ಆ 65 ಅಲ್ಲಿಗೆ ಮುಗಿಯಿತು.

ಇನ್ನೊಂದು ಕಲಮು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಕಾರು ಒಂದು ಸಂಸ್ಥೆಯದಾಗಿದ್ದು, ಅದನ್ನು ಒಬ್ಬ ನೌಕರನೇ ಓಡಿಸುತ್ತಿದ್ದು, ಮುಂದೆ ಅದು ಅವನ ಹೆಸರಿಗೆ ಬಂದರೆ, ಸಂಸ್ಥೆಯ ಒಂದು ಪತ್ರ ಸಾಕು, ಬೋನಸ್ ಅವನಿಗೆ. ಅಂದರೆ ಓಡಿಸಿದವರನ್ನು ಗುರುತಿಸುವುದು ಟ್ಯಾರಿಫ್ ಬರೆದವರಿಗೆ ಗೊತ್ತಿತ್ತು! ಕಂಪನಿಯ ಕಾರು ಓಡಿಸುವ ಸಾಹೇಬರು ಅವರಿಗೆ ಕಂಡರು, ಗಂಡನ ಕಾರು ಓಡಿಸುವ ಹೆಂಗಸು ಕಾಣಲಿಲ್ಲ.

2007ರ ಜನವರಿಯಿಂದ ಓನ್ ಡ್ಯಾಮೇಜ್ ದರ ಮುಕ್ತವಾಯಿತು, ಕಂಪನಿಗಳು ಪೈಪೋಟಿಗೆ ಬಿದ್ದವು, ಏಣಿ ಮಾತ್ರ ಹಾಗೇ ಉಳಿಯಿತು. 2022ರ ಜುಲೈನಲ್ಲಿ ಎರಡು ಮೂರು ವಾಹನಗಳಿಗೆ ಸೇರಿ ಒಂದೇ ಪಾಲಿಸಿ ಕೊಡಲು ಐಆರ್‌ಡಿಎಐ ಒಪ್ಪಿಗೆ ಕೊಟ್ಟಿತು. ಅಲ್ಲೂ ಷರತ್ತು, ಎಲ್ಲ ವಾಹನ ಒಬ್ಬರದೇ ಆಗಿರಬೇಕು. ಗಂಡ ಹೆಂಡತಿ ಅನ್ನೋ ಘಟಕ ಅಲ್ಲೂ ಇಲ್ಲ.

ಕೊನೆಗೆ ನಮ್ಮ ಲೆಕ್ಕ. ಹೊಸ ಕಾರು 1197 ಸಿಸಿ, ವಿಮಾ ಮೌಲ್ಯ ಆರು ಲಕ್ಷ ಅಂತಿಟ್ಟುಕೊಳ್ಳಿ. ಹಳೇ ಟ್ಯಾರಿಫಿನಲ್ಲಿ ಬೆಳಗಾವಿ 'ಬಿ' ವಲಯ, ದರ ಶೇ. 3.191, ಅಂದರೆ 19,146 ರೂಪಾಯಿ. ಕಂಪನಿಗಳು ಈಗ ಇದಕ್ಕಿಂತ ಕಡಿಮೆ ಕೇಳಬಹುದು, ಹೋಲಿಕೆಗೆ ಇದು ಸಾಕು. ನನ್ನ ಹೆಸರಿನಲ್ಲಿ ಕೊಂಡರೆ ಅರ್ಧ ಮಾಫಿ, 9,573 ರೂಪಾಯಿ ಉಳಿತಾಯ. ಅವಳ ಹೆಸರಿನಲ್ಲಿ ಕೊಂಡರೆ ಪೂರ್ತಿ ಕಟ್ಟಬೇಕು. ಲೆಕ್ಕ ಹೇಳುವುದು ನನ್ನ ಹೆಸರು ಅಂತ. ಎಲ್ಲ ಮನೆಗಳಲ್ಲೂ ಲೆಕ್ಕ ಹೀಗೇ ಹೇಳುತ್ತದೆ, ಅದಕ್ಕೇ ಎರಡನೇ ಕಾರೂ ಗಂಡನ ಹೆಸರಿಗೇ ಹೋಗುತ್ತದೆ.

ನಾವು ಅವಳ ಹೆಸರಿನಲ್ಲೇ ಬುಕ್ ಮಾಡಿದ್ದೇವೆ. ಮುಂದಿನ ವರ್ಷ ಶೇ. 20 ಬಂದರೆ ಅದು ಅವಳದು. ನನ್ನ 50ರ ಪತ್ರ ಮೂರು ವರ್ಷ ಬೀರುವಿನಲ್ಲಿ ಕೂತಿರಲಿ.

ನಿಮ್ಮ ಮನೆಯ ಪಾಲಿಸಿ ತೆಗೆದು ಒಮ್ಮೆ ನೋಡಿ. ಹೆಸರು ಯಾರದು, ದಿನಾ ಓಡಿಸುವವರು ಯಾರು?