ಮೇಜಿನ ಮೇಲೆ ಅರಕೆರೆ ಕಾಳಗ



ಹಿಂದೆ ನಡೆದ ಕಾಳಗವೊಂದನ್ನು ಪುಟ್ಟ ಗೊಂಬೆಗಳಿಂದ ಮೇಜಿನ ಮೇಲೆ ಮತ್ತೆ ಆಡುವ ಪದ್ಧತಿ ಹಲವು ದೇಶಗಳಲ್ಲಿದೆ. ಪ್ರಷ್ಯಾದ ಸೈನ್ಯವು 1824ರಲ್ಲಿ ಇಂಥ ಆಟವನ್ನು ತನ್ನ ಅಧಿಕಾರಿಗಳ ತರಬೇತಿಗೇ ಅಳವಡಿಸಿಕೊಂಡಿತು. ಇತಿಹಾಸ ಓದುವವರಿಗೂ ಇದು ಉಪಯುಕ್ತ.

1791ರ ಮೇ 15ರಂದು ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದನು. ಆದರೆ ಕೆಲವೇ ದಿನಗಳಲ್ಲಿ ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿನತ್ತ ಹೊರಟನು. ಗೆದ್ದವನು ಹಿಂದಿರುಗಿದ್ದೇಕೆ?

ಆಡಿ ನೋಡೋಣ. ನೀಲಿ ಬಟ್ಟೆ ಕಾವೇರಿ, ಹುಣಸೆಬೀಜ ಸೈನಿಕರು, ಕರಟದ ಚೂರು ಎತ್ತುಗಳು. ತಿಪಟೂರು, ತುರುವೇಕೆರೆಗಳಲ್ಲಿ ಕರಟಕ್ಕೇನು ಬರ! ಸೈನಿಕರನ್ನೂ ಫಿರಂಗಿಗಳನ್ನೂ ಮಾತ್ರ ಎಣಿಸಿ ಆಡಿದರೆ, ಗೆದ್ದ ಕಾರ್ನ್‌ವಾಲಿಸನು ನೇರವಾಗಿ ಕೋಟೆಗೆ ಮುತ್ತಿಗೆ ಹಾಕಬಹುದು. ನಡೆದದ್ದು ಹಾಗಲ್ಲ. ಅಂದರೆ ನಮ್ಮ ನಿಯಮದಲ್ಲೇ ಕೊರತೆಯಿದೆ. ಎರಡನೆಯ ಸಲ ಮಳೆ, ದವಸ, ಮೇವುಗಳನ್ನೂ ಸೇರಿಸಿ. ಮೇವಿಲ್ಲದ ಪ್ರತಿ ಸರದಿಗೂ ಕೆಲವು ಎತ್ತುಗಳನ್ನು ತೆಗೆಯಿರಿ. ಎತ್ತಿಲ್ಲದ ಫಿರಂಗಿ ಕದಲಬಾರದು. ಈಗ ಗೆದ್ದವನೇ ಹಿಂದೆ ಸರಿಯಬೇಕಾಗುತ್ತದೆ.

ಎತ್ತಿನ ಬೆಲೆಯನ್ನು ಮೈಸೂರು ಬಹಳ ಹಿಂದೆಯೇ ಅರಿತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನು. ಅದರ ಎತ್ತುಗಳು ಅವನ ಫಿರಂಗಿಗಳನ್ನು ವೇಗವಾಗಿ ಸಾಗಿಸಿದವು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳ ನಡುವೆ ಇರುವ ಅಮೃತಮಹಲ್ ಕಾವಲುಗಳು ಆ ವ್ಯವಸ್ಥೆಯ ನೆನಪನ್ನು ಉಳಿಸಿವೆ. ಕೊನೇಹಳ್ಳಿಯಲ್ಲಿ ಈ ತಳಿಯ ಸಂವರ್ಧನಾ ಕೇಂದ್ರವಿದೆ. ಯುದ್ಧದ ಚರಿತ್ರೆಯಲ್ಲಿ ಕೋಟೆಯಷ್ಟೇ ಹುಲ್ಲುಗಾವಲೂ ಮುಖ್ಯ. ನಿಯಮ ಬರೆಯುವ ಮುನ್ನ ಒಮ್ಮೆ ಕಾವಲನ್ನು ನೋಡಿ ಬನ್ನಿ.