ಮೂದಲೆಯ ಮಿತಿ

ಕಾವೇರಿಯೂ ಲಕ್ಷ್ಮಣತೀರ್ಥವೂ ಕಪಿಲೆಯೂ ಹರಿಯುವ ಮೈಸೂರು ಸೀಮೆಯ ಪಡುವಣ ಭಾಗದಲ್ಲಿ, ಎಂದರೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಹುಡುಗರು ಆಡುತ್ತ ಬಂದ ಆಟಗಳನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಗೋಚರಿಸದೆ ಇರದು: ಆ ಆಟಗಳಲ್ಲಿ ಕೈಕಾಲುಗಳಿಗೆ ಎಷ್ಟು ಕೆಲಸವೋ ನಾಲಗೆಗೂ ಅಷ್ಟೇ ಕೆಲಸ. ಚಿನ್ನಿದಾಂಡಿನಲ್ಲಿ ಚಿನ್ನಿ ಎಷ್ಟು ದೂರ ಹಾರಿತೆಂಬ ವಾದ, ಲಗೋರಿಯಲ್ಲಿ ಕಲ್ಲು ಬಿತ್ತೋ ಇಲ್ಲವೋ ಎಂಬ ತಕರಾರು, ‘ಬಾರ್ಲಾ, ಮುಟ್ಟು ನೋಡಾಣ’ ಎಂಬ ಆಹ್ವಾನ, ಸೋಲುವ ಹೊತ್ತಿಗೆ ‘ಕಳ್ಳಾಟ’ ಎಂಬ ಆಕ್ಷೇಪ, ದಣಿದಾಗ ‘ಜೂಟ್’ ಎಂದು ಪಡೆಯುವ ವಿರಾಮ, ಇವೆಲ್ಲವೂ ಆಟದೊಳಗಿನ ಮಾತೇ. ತೀರ ಚಿಕ್ಕ ಮಗುವೊಂದು ಅಣ್ಣಂದಿರ ಹಿಂದೆ ಓಡಿಬಂದು ಅತ್ತರೆ, ಅದನ್ನು ಆಟಕ್ಕೆ ಸೇರಿಸಿಕೊಂಡು, ಲೆಕ್ಕಕ್ಕೆ ಮಾತ್ರ ಹಿಡಿಯದೆ, ಅದು ಎಷ್ಟು ಬಾರಿ ಸಿಕ್ಕಿಬಿದ್ದರೂ ಔಟೆನ್ನದೆ ಓಡಾಡಲು ಬಿಡುವ ಪದ್ಧತಿಯನ್ನು ಈ ಹುಡುಗರಿಗೆ ಯಾವ ಗುರುವೂ ಕಲಿಸಿದ್ದಲ್ಲ. ಕ್ರೀಡಾಸೌಜನ್ಯವೆಂದು ನಾವು ಇಂದು ಭಾಷಣಗಳಲ್ಲಿ ಕೊಂಡಾಡುವ ಗುಣವು ಅಲ್ಲಿ ಹೆಸರಿಲ್ಲದೆಯೇ ನೆಲೆಸಿತ್ತು.

ಆಟದ ಬಯಲಿನಲ್ಲಿ ಎದುರಾಳಿಯನ್ನು ಕೆಣಕಿ ನುಡಿಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ವಿಲಿಯಮ್ಸ್‌ಪೋರ್ಟ್ ಎಂಬಲ್ಲಿ 1939ರಲ್ಲಿ ಬಾಲಕರ ಬೇಸ್‌ಬಾಲಿಗೆಂದು ‘ಲಿಟಲ್ ಲೀಗ್’ ಆರಂಭವಾಯಿತು. ಬ್ಯಾಟು ಹಿಡಿದ ಹುಡುಗನ ಚಿತ್ತವನ್ನು ಕದಡಲು ಸುತ್ತ ನಿಂತ ಹುಡುಗರು ಎಡೆಬಿಡದೆ ಕೂಗುವ ವಾಡಿಕೆ ಆ ಆಟದಲ್ಲಿ ಬಹುಕಾಲದಿಂದ ಬಂದದ್ದು. ಅದು ಉತ್ಸಾಹವೋ ಅವಿನಯವೋ ಎಂದು ಅಲ್ಲಿನ ತಂದೆತಾಯಿಗಳೂ ತರಬೇತುದಾರರೂ ಇಂದಿಗೂ ವಾದಿಸುತ್ತಾರೆ. ಅದೇ ಪ್ರಶ್ನೆ ನಮ್ಮಲ್ಲಿಯೂ ಇದೆ. ಆದರೆ ನಮ್ಮ ಸೀಮೆಯ ಆಟಗಳು ಅದಕ್ಕೆ ಒಂದು ಉತ್ತರವನ್ನು ಬಹು ಹಿಂದೆಯೇ ಕಂಡುಕೊಂಡಿದ್ದವೆಂದೂ, ಆ ಉತ್ತರವನ್ನು ನಾವು ಕೈಬಿಡುತ್ತಿದ್ದೇವೆಂದೂ ನನಗೆ ದೃಢವಾಗಿ ತೋರುತ್ತದೆ.

ಮೂದಲೆಯೆಂಬುದು ಕನ್ನಡಕ್ಕೆ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನನನ್ನು ಹೊರಗೆಳೆದದ್ದು ಭೀಮನ ಗದೆಯಲ್ಲ, ಭೀಮನ ನುಡಿ. ಹತ್ತನೆಯ ಶತಮಾನದ ಆ ಕವಿ ಮೂದಲೆಗೆ ಕೊಟ್ಟ ಸ್ಥಾನ ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕಗಳವರೆಗೆ ಇಳಿದುಬಂದಿದೆ. ಹಗಲೆಲ್ಲ ಹೊಲದಲ್ಲಿ ದುಡಿದು ಇರುಳು ಹಾರ್ಮೋನಿಯಮ್ಮಿನ ಮೇಷ್ಟರ ಮುಂದೆ ಕಂದಪದ್ಯಗಳನ್ನು ಉರುಹೊಡೆದ ರೈತರು ಕೌರವ ಭೀಮರಾಗಿ ರಂಗದ ಮೇಲೆ ಪರಸ್ಪರ ಜರೆಯುವುದನ್ನು ಬೆಳಗಾಗುವ ತನಕ ಕೇಳಿದ ಹುಡುಗರು, ಮರುದಿನ ಅದೇ ಠೀವಿಯಿಂದ ಕಬಡ್ಡಿಯ ಗೆರೆಯ ಬಳಿ ನಿಂತು ಎದುರು ಪಕ್ಷವನ್ನು ಕರೆಯುವುದು ಸಹಜವೇ. ಮದುವೆಯ ಮನೆಯಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಬೀಗರನ್ನು ಹಳಿದು ಹಾಡುವ ಪದ್ಧತಿಯೂ ಇದೇ ಮೂಲದ್ದು. ಅಲ್ಲಿ ಯಾರೂ ಮುನಿಯುವಂತಿಲ್ಲ. ಹಾಡು ಮುಗಿಯಿತೆಂದರೆ ಹಳಿದದ್ದೂ ಮುಗಿಯಿತು.

ಕುಸ್ತಿಯ ಸಂಪ್ರದಾಯ ಮಾತ್ರ ಬೇರೆಯದು. ಮಟ್ಟಿಗಿಳಿಯುವ ಪೈಲ್ವಾನನು ಮೊದಲು ಮಣ್ಣನ್ನು ಮುಟ್ಟಿ ನಮಸ್ಕರಿಸುತ್ತಾನೆ. ಉಸ್ತಾದರ ಕಡೆ ತಿರುಗಿ ಕೈಮುಗಿಯುತ್ತಾನೆ. ಎದುರಾಳಿಯ ಕೈ ಕುಲುಕುತ್ತಾನೆ. ಆಮೇಲೆ ಅವನ ಆಹ್ವಾನವೆಲ್ಲ ತೊಡೆ ತಟ್ಟುವ ಒಂದು ಸದ್ದಿನಲ್ಲಿ ಅಡಕವಾಗಿರುತ್ತದೆ. ನಿಂದೆ, ಜಂಬ, ಪ್ರತಿಜ್ಞೆ ಎಲ್ಲವನ್ನೂ ಒಂದು ಚಪ್ಪಾಳೆಗೆ ಇಳಿಸಿ ನಾಲಗೆಯನ್ನು ಸುಮ್ಮನಿರಿಸಿದ ಗರಡಿಯ ಹಿರಿಯರ ವಿವೇಕ ಸಾಮಾನ್ಯವಾದುದಲ್ಲ. ಕಂಠೀರವ ನರಸರಾಜ ಒಡೆಯರ ಬಗೆಗೆ ಬಹುಕಾಲದಿಂದ ಹೇಳಿಕೊಂಡು ಬಂದ ಒಂದು ಕಥೆಯುಂಟು: ತಿರುಚಿನಾಪಳ್ಳಿಯ ಜಟ್ಟಿಯೊಬ್ಬನು ತನ್ನನ್ನು ಗೆಲ್ಲುವವರಿಲ್ಲವೆಂದು ಊರ ಹೆಬ್ಬಾಗಿಲಿಗೆ ತನ್ನ ಚಲ್ಲಣವನ್ನು ಕಟ್ಟಿಸಿದ್ದನಂತೆ, ನರಸರಾಜರು ವೇಷ ಮರೆಸಿಕೊಂಡು ಹೋಗಿ ಅವನ ಗರ್ವವನ್ನು ಮುರಿದರಂತೆ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಜನರ ನೆನಪು ಅದನ್ನು ಉಳಿಸಿಕೊಂಡ ಬಗೆಯಲ್ಲಿ ಒಂದು ತೀರ್ಪಿದೆ: ಜಂಬವನ್ನು ತೂಗುಹಾಕಿದವನು ಸೋತ, ಹೆಸರನ್ನೂ ಹೇಳದೆ ಬಂದವನು ಗೆದ್ದ. 1638ರಿಂದ 1659ರವರೆಗೆ ಆಳಿದ ಈ ಅರಸರ ಕಾಲದಲ್ಲಿಯೇ, 1645ರ ಸುಮಾರಿಗೆ, ಪಿರಿಯಾಪಟ್ಟಣವು ಚಂಗಾಳ್ವರ ಕೈತಪ್ಪಿ ಮೈಸೂರಿಗೆ ಸೇರಿತು. ಹೀಗಾಗಿ ಈ ಸೀಮೆಯೂ ಮೈಸೂರಿನ ದಸರೆಯ, ಅದರ ಜೊತೆಗೆ ಬಂದ ಮಲ್ಲಕಲೆಯ ಪರಂಪರೆಯೊಳಕ್ಕೆ ಬಂದಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ನೋಡುವವರಿಗೆ ಭಯಂಕರವಾದದ್ದಾದರೂ, ಮೊದಲ ರಕ್ತಬಿಂದು ಕಾಣಿಸಿದೊಡನೆ ಮುಗಿಯತಕ್ಕದ್ದು. ಅದರಾಚೆಗೆ ಒಂದು ಏಟೂ ಇಲ್ಲ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ ಬಿರುದುಗಳಿಗಾಗಿ ಇಂದು ಕುಸ್ತಿ ನಡೆಯುವ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ಹೆಸರಿಟ್ಟಿರುವುದು ಈ ಸೀಮೆಯವರಿಗೆ ಅಭಿಮಾನದ ಸಂಗತಿ. 

ಕಬಡ್ಡಿಗೆ ಬಂದರೆ ಮಾತಿನ ಸ್ಥಾನ ಪೂರ್ತಿ ಬದಲಾಗುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅವಶ್ಯಕ. ತಮಿಳು ಸೀಮೆಯಲ್ಲಿ ಚಡುಗುಡು, ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು ಎಂದು ಬಗೆಬಗೆಯ ಹೆಸರಿನಿಂದ, ಬಗೆಬಗೆಯ ಕಟ್ಟಳೆಗಳಿಂದ ಆಡುತ್ತಿದ್ದ ಈ ಆಟಕ್ಕೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರದವರು ಲಿಖಿತ ನಿಯಮಗಳನ್ನು ರಚಿಸಿದರು; 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಅದನ್ನು ಹೊರದೇಶದವರಿಗೆ ಆಡಿ ತೋರಿಸಿದರು; 1950ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಸ್ಥಾಪನೆಯಾಯಿತು; 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಆಟವು ಪದಕದ ಸ್ಪರ್ಧೆಯಾಯಿತು. ಇಷ್ಟೆಲ್ಲ ಪ್ರಯಾಣದಲ್ಲಿಯೂ ಅದರ ಮೂಲತತ್ತ್ವವೊಂದು ನಿಯಮದಲ್ಲಿ ಕೆಡದೆ ಉಳಿದಿದೆ. ಎದುರಾಳಿಯ ಅಂಗಳಕ್ಕೆ ಹೋಗುವವನು ಒಂದೇ ಉಸಿರಿನಲ್ಲಿ, ಎಲ್ಲರಿಗೂ ಕೇಳುವಂತೆ, ಒಂದೇ ಮಾತನ್ನು ಜಪಿಸುತ್ತ ಹೋಗಬೇಕು; ಜಪ ಕಡಿದರೆ ಅವನ ಅಧಿಕಾರವೂ ಕಡಿಯಿತು. ಏಳು ಜನರ ನಡುವೆ ಒಂಟಿಯಾಗಿ ಹೋದವನಿಗೆ ಬೈಯಲು, ಬೀಗಲು, ಕೆಣಕಲು ಎಡೆಯೇ ಇಲ್ಲ. ಅವನ ಉಸಿರೆಲ್ಲ ಆ ಒಂದು ಪದಕ್ಕೆ ಮೀಸಲು. ಇನ್ನೂ ಹೆಚ್ಚಿನದೆಂದರೆ, ಅವನನ್ನು ಹಿಡಿದವರು ಅವನ ಬಾಯಿಯನ್ನು ಮುಚ್ಚಿಯಾಗಲಿ ಕೊರಳನ್ನು ಅದುಮಿಯಾಗಲಿ ಜಪವನ್ನು ನಿಲ್ಲಿಸತಕ್ಕದ್ದಲ್ಲವೆಂದು ನಿಯಮ ವಿಧಿಸುತ್ತದೆ. ಕಾಲನ್ನು ಹಿಡಿಯಬಹುದು, ಸೊಂಟವನ್ನು ಹಿಡಿಯಬಹುದು, ನೆಲಕ್ಕೆ ಕೆಡಹಬಹುದು; ವೈರಿಯ ದನಿಯನ್ನು ಮಾತ್ರ ಅಡಗಿಸಕೂಡದು. ಅಷ್ಟೇ ಅಲ್ಲದೆ, ದಾಳಿಗೆ ಹೋದವನಿಗೆ ಅವನ ಪಕ್ಷದವರೇ ಇತ್ತಣಿಂದ ಎಚ್ಚರಿಕೆಯನ್ನೋ ಸೂಚನೆಯನ್ನೋ ಕೂಗಿ ಹೇಳಿದರೆ ಎದುರು ಪಕ್ಷಕ್ಕೆ ಒಂದು ಅಂಕವನ್ನು ಕೊಡಬೇಕೆಂದು ಸಂಸ್ಥೆಯ ನಿಯಮಾವಳಿಯಲ್ಲಿದೆ. ಸಭ್ಯತೆಯನ್ನು ಆಟಗಾರನ ಸ್ವಭಾವಕ್ಕೆ ಬಿಟ್ಟುಕೊಡದೆ ಆಟದ ಕಟ್ಟಳೆಯೊಳಗೇ ಹೆಣೆದಿಟ್ಟ ಈ ಜಾಣ್ಮೆಯನ್ನು ನೋಡಿದಾಗ, ಅನಾಮಧೇಯರಾದ ಆ ಪೂರ್ವಿಕರ ಬಗೆಗೆ ಗೌರವ ಉಂಟಾಗುತ್ತದೆ.

ಖೋಖೋದಲ್ಲಿ ಈ ನಿಗ್ರಹ ಇನ್ನೂ ಬಿಗಿ. ಅಲ್ಲಿ ಅಟ್ಟುವ ಪಕ್ಷಕ್ಕೆ ದತ್ತವಾದ ಮಾತು ಒಂದೇ ಅಕ್ಷರದ್ದು. ಕುಳಿತವನ ಬೆನ್ನನ್ನು ಮುಟ್ಟುವುದೂ ‘ಖೋ’ ಎಂದು ಗಟ್ಟಿಯಾಗಿ ಉಚ್ಚರಿಸುವುದೂ ಏಕಕಾಲದಲ್ಲಿ ಆಗತಕ್ಕದ್ದು, ಮುಟ್ಟದೆ ಕೂಗಿದರೂ ತಪ್ಪು, ಕೂಗದೆ ಮುಟ್ಟಿದರೂ ತಪ್ಪು. ಮಾತು ಬೇರೆ ಕೃತಿ ಬೇರೆ ಆಗಬಾರದೆಂಬ ನೀತಿ ಇಲ್ಲಿ ಹತ್ತು ವರ್ಷದ ಹುಡುಗಿಗೂ ಅಂಗಗತವಾಗುತ್ತದೆ. ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನಂಥ ಹಳ್ಳಿಯಲ್ಲಿ ಈ ಆಟ ಬೇರೂರಿ, 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಅಲ್ಲಿಯ ಬಿ. ಚೈತ್ರಾ ಇದ್ದರೆಂಬುದನ್ನು ನೆನೆಯುವಾಗ ಜಿಲ್ಲೆಯವರಿಗೆ ಹರ್ಷವಾಗುವುದು ಯುಕ್ತವೇ.

ಮಾತಿನ ಸ್ಪರ್ಧೆಯ ಇನ್ನೊಂದು ಅಂಗಳ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ಅದು ಹೊರಗಿನಿಂದ ಬಂದು ಇಲ್ಲಿಯದಾದದ್ದು. 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನ ನಿರಾಶ್ರಿತರು ಬೈಲಕುಪ್ಪೆಯ ಕಾಡುನೆಲವನ್ನು ಕಡಿದು ನೆಲೆಸಿದರು. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾಗಿದ್ದ ಸೆರಾ ವಿಹಾರವೂ ತರುವಾಯ ಅಲ್ಲಿಯೇ ಪುನಃ ಕಟ್ಟಲ್ಪಟ್ಟಿತು. ಅದರ ವಾದಾಂಗಣದಲ್ಲಿ ಎಳೆಯ ಭಿಕ್ಷುಗಳು ಜೋಡಿಜೋಡಿಯಾಗಿ ತರ್ಕಕ್ಕಿಳಿದಾಗ ಹೊರಗಿನವರಿಗೆ ಅದು ಜಗಳದಂತೆಯೇ ಕಾಣುತ್ತದೆ. ಪ್ರಶ್ನಿಸುವವನು ನಿಂತು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಎದುರಿಗೆ ಕುಳಿತವನ ಮುಖದೆಡೆಗೆ ಚಪ್ಪಾಳೆಯನ್ನು ಬೀಸುತ್ತಾನೆ. ಉತ್ತರ ತಪ್ಪಿದರೆ ‘ತ್ಸಾ’ ಎಂದು ಕೂಗುತ್ತಾನೆ. ಸುತ್ತಲಿನ ಭಿಕ್ಷುಗಳು ನಗುತ್ತಾರೆ. ಆದರೆ ಕುಳಿತವನಿಗೆ ವಿಹಿತವಾದ ಉತ್ತರಗಳು ಕೆಲವೇ: ಒಪ್ಪಿದೆ ಎನ್ನಬಹುದು, ಏಕೆ ಎನ್ನಬಹುದು, ಹೇತು ಸಿದ್ಧವಾಗಿಲ್ಲ ಎನ್ನಬಹುದು, ವ್ಯಾಪ್ತಿಯಿಲ್ಲ ಎನ್ನಬಹುದು. ವಾದವು ಮಂಜುಶ್ರೀಯ ಬೀಜಾಕ್ಷರದಿಂದ ಆರಂಭವಾಗುತ್ತದೆ; ಎಂದರೆ ಜ್ಞಾನದ ಅಧಿದೇವತೆಗೆ ವಂದಿಸಿಯೇ ಕೈಯೆತ್ತುವುದು. ಹೇತುವೂ ವ್ಯಾಪ್ತಿಯೂ ಬೌದ್ಧ ತಾರ್ಕಿಕರಾದ ದಿಙ್ನಾಗ ಧರ್ಮಕೀರ್ತಿಗಳ ನಮ್ಮ ನೆಲದ ತರ್ಕವೇ. ಛಲದಿಂದ ವಾದವನ್ನು ಗೆಲ್ಲುವುದು ಸಜ್ಜನರಿಗೆ ತರವಲ್ಲವೆಂದು ಆ ಧರ್ಮಕೀರ್ತಿಯೇ ವಾದನ್ಯಾಯದಲ್ಲಿ ನಿಲುವು ತಾಳಿದ್ದನು. ಹಿಮಾಲಯವನ್ನು ದಾಟಿ ಹೋದ ಆ ಶಾಸ್ತ್ರ ಶತಮಾನಗಳ ಬಳಿಕ ಕಾವೇರಿಯ ದಡಕ್ಕೆ ಮರಳಿ, ಬಾಲಕರ ಕಂಠದಲ್ಲಿ ಮೊಳಗುತ್ತಿರುವುದನ್ನು ಕೇಳಲು ಒಮ್ಮೆಯಾದರೂ ಹೋಗತಕ್ಕದ್ದು.

ಇದಕ್ಕೆ ತೀರ ವಿರುದ್ಧವೆಂದು ಮೊದಲ ನೋಟಕ್ಕೆ ತೋರುವ ಆಚರಣೆಯೊಂದು ಕಾಡಿನ ಅಂಚಿನದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನಲ್ಲಿಯೂ ಕೊಡಗಿನ ತೋಟಗಳಲ್ಲಿಯೂ ವಾಸಿಸುವ ಜೇನುಕುರುಬ ಮೊದಲಾದ ಸಮುದಾಯಗಳಲ್ಲಿ, ಹುಣಸೂರಿನಿಂದ ಕಾಡು ದಾಟಿದರೆ ಸಿಗುವ ತಿತಿಮತಿಯ ಬಳಿಯ ದೇವರಪುರದಲ್ಲಿ, ಪ್ರತಿ ವರ್ಷ ಮೇ ತಿಂಗಳಿನಲ್ಲಿ ಕುಂಡೆಹಬ್ಬ ನಡೆಯುತ್ತದೆ. ಅಯ್ಯಪ್ಪನು ತಮ್ಮನ್ನು ಬೇಟೆಗೆ ಕರೆದುಕೊಂಡು ಹೋಗಿ, ಭದ್ರಕಾಳಿಯೊಡನೆ ತೆರಳಿ, ತಮ್ಮನ್ನು ಕಾಡಿನಲ್ಲಿಯೇ ಬಿಟ್ಟನೆಂಬ ಮುನಿಸಿನಿಂದ ಅವರು ದೇವರನ್ನೇ ಬೈಯುತ್ತಾರೆ. ಗಂಡಸರು ಹೆಣ್ಣಿನ ವೇಷ ತೊಟ್ಟು, ಡಬ್ಬ ಬುರುಡೆಗಳನ್ನು ಬಡಿಯುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ, ತೋಟದ ಯಜಮಾನನನ್ನೂ ಬಿಡದೆ, ಬಾಯಿಗೆ ಬಂದಂತೆ ಬೈದು ಕಾಣಿಕೆ ಕೇಳುತ್ತಾರೆ. ವರ್ಷವೆಲ್ಲ ತಲೆತಗ್ಗಿಸಿ ದುಡಿಯುವವರಿಗೆ ತಲೆಯೆತ್ತಿ ಬೈಯಲು ಕೊಟ್ಟ ಆ ಹಕ್ಕಿಗೂ ಮೇರೆಯುಂಟು. ದೇವಸ್ಥಾನವನ್ನು ತಲುಪಿ ಕುಣಿದು ಹರಕೆ ಸಲ್ಲಿಸಿದ ಮೇಲೆ ಬೈಗುಳ ನಿಲ್ಲುತ್ತದೆ. ಇದನ್ನು ಅಸಭ್ಯವೆಂದು ಮೂಗು ಮುರಿಯುವವರು ಆ ಮೇರೆಯನ್ನು ಗಮನಿಸಿಲ್ಲವೆಂದೇ ನನ್ನ ಅಭಿಪ್ರಾಯ.

ಈಗಿನ ಸ್ಥಿತಿ ಬೇರೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಿಂದ ಆಟಕ್ಕೆ ಹಣವೂ ಮರ್ಯಾದೆಯೂ ಬಂದದ್ದು ಸಂತೋಷದ ವಿಷಯವೇ ಸರಿ. ಊರೂರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುತ್ತಿರುವುದೂ ಒಳ್ಳೆಯದೇ. ಆದರೆ ಈಗ ದಾಳಿಯ ಅವಧಿಯನ್ನು ಅಳೆಯುವುದು ಮೂವತ್ತು ಸೆಕೆಂಡಿನ ಗಡಿಯಾರ. ಉಸಿರಿನ ಅಳತೆ ಹಿಂದೆ ಸರಿದು, ಜಪವು ತುಟಿಯಂಚಿನ ಗೊಣಗಾಗಿ, ಅದು ತೆರವು ಮಾಡಿದ ಜಾಗದಲ್ಲಿ ಧ್ವನಿವರ್ಧಕದ ಅಬ್ಬರವೂ, ತೊಡೆ ತಟ್ಟಿದ ಬಳಿಕ ಬೆರಳು ತೋರಿಸಿ ಅಣಕಿಸುವ ಚೇಷ್ಟೆಯೂ ಬಂದು ಕುಳಿತಿವೆ. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಹನ್ನೆರಡು ವರ್ಷದ ಹುಡುಗನು ಗೆರೆ ದಾಟಿದೊಡನೆ ಅಂಗಳದ ಹೊರಗಿನಿಂದ ಹಿರಿಯರು ಹತ್ತು ಬಗೆಯ ಆಜ್ಞೆಗಳನ್ನು ಕೂಗುತ್ತಾರೆ. ನಿಯಮಕ್ಕೆ ವಿರುದ್ಧವಾದ ಆ ಕೂಗನ್ನು ತಡೆಯುವವರು ವಿರಳ. ಬೀದಿಬೀದಿಗಳ ನಡುವಿನ ಪಂದ್ಯದಲ್ಲಿ ಮೂದಲೆಯು ಆಟಗಾರನ ಆಟವನ್ನು ಬಿಟ್ಟು ಅವನ ಮೈಬಣ್ಣಕ್ಕೆ, ಅವನ ತಾಯಿಗೆ, ಅವನ ಕುಲಕ್ಕೆ ತಿರುಗಿತೆಂದರೆ ಅದು ಮೂದಲೆಯಲ್ಲ, ಹಿಂಸೆ. ಅದಕ್ಕೆ ನಮ್ಮ ಯಾವ ಆಟದಲ್ಲಿಯೂ ಅವಕಾಶವಿಲ್ಲ. ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ಉಂಟು: ಭದ್ರಾವತಿಯ ಕ್ರಿಕೆಟ್ಟಿಗ ಜಿ. ಆರ್. ವಿಶ್ವನಾಥರು 1980ರ ಫೆಬ್ರವರಿಯಲ್ಲಿ ಮುಂಬಯಿಯ ಟೆಸ್ಟಿನಲ್ಲಿ, ಅಂಪೈರು ಔಟೆಂದು ತೀರ್ಪಿತ್ತಿದ್ದ ಇಂಗ್ಲೆಂಡಿನ ಬಾಬ್ ಟೇಲರನ್ನು ಆಡಲು ಹಿಂದಕ್ಕೆ ಕರೆದರು. ಟೇಲರ್ ಬೋಥಮರೊಡನೆ ದೊಡ್ಡ ಜೊತೆಯಾಟ ಕಟ್ಟಿದರು, ಭಾರತ ಆ ಪಂದ್ಯವನ್ನು ಸೋತಿತು. ಅಂಥ ಔದಾರ್ಯ ಎಲ್ಲರಿಗೂ ಒದಗುವುದಿಲ್ಲ. ಆದಕಾರಣವೇ ಸಾಮಾನ್ಯರಾದ ನಮಗೆ ಕಟ್ಟಳೆಗಳು ಬೇಕು.

ಈ ನಾಲ್ಕು ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿಯೂ ತಂದೆತಾಯಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: ಮುಂದಿನ ಹೋಬಳಿ ಪಂದ್ಯದಲ್ಲಿ ದಾಳಿಗೆ ಹೋದ ಮಗುವಿನ ಜಪವು ಎಲ್ಲರಿಗೂ ಕೇಳುವಂತಿರಲಿ, ಅದಕ್ಕೆ ಬೇಕಾದ ನಿಶ್ಶಬ್ದವನ್ನು ಗೆರೆಯ ಹೊರಗೆ ನಿಂತ ದೊಡ್ಡವರು ಕೊಡಲಿ, ಹೊರಗಿನಿಂದ ಕೂಗಿದರೆ ನಿಯಮದಂತೆ ಎದುರು ಪಕ್ಷಕ್ಕೆ ಅಂಕ ಸಿಗಲಿ, ಕುಲವನ್ನೆತ್ತಿ ಮೂದಲಿಸಿದವನನ್ನು, ಅವನು ಎಷ್ಟೇ ಸಮರ್ಥನಾದ ಆಟಗಾರನಾಗಿದ್ದರೂ, ಆ ಕ್ಷಣವೇ ಅಂಗಳದಿಂದ ಹೊರಗೆ ಕಳುಹಿಸಿ.