ಮಧುಮಾಸದ ಮಳೆ

ಚೈತ್ರಕ್ಕೆ ಮಧು, ವೈಶಾಖಕ್ಕೆ ಮಾಧವ ಎಂಬ ಹೆಸರುಗಳು ವೇದಕಾಲದಿಂದ ಬಂದವೆಂಬುದನ್ನು ವಾಚಕರು ಬಲ್ಲರು. ಜೇನಿನ ಹೆಸರನ್ನೇ ಹೊತ್ತ ಈ ಋತುವಿನಲ್ಲಿ ಮಳೆ ಹಿಡಿದರೆ ಕೇಡು ಮೊದಲು ಜೇನಿಗೇ! ಕವಿಗಳಿಗೆ ದುಂಬಿಯ ಮೇಲೆ ಮೋಹ; ತುಡುವೆಯ ಹೊಟ್ಟೆಪಾಡು ಅವರಿಗೆ ಬೇಕಿರಲಿಲ್ಲವೆಂದು ತೋರುತ್ತದೆ.

ತುಂಗಭದ್ರೆಯ ದಂಡೆಯ ಮಾಗಳಕ್ಕೆ ಬಂದವರು ವೇಣುಗೋಪಾಲ, ಸೂರ್ಯನಾರಾಯಣ ಗುಡಿಗಳನ್ನು ನೋಡಿ ಮರಳುತ್ತಾರೆ. 1896ರಷ್ಟು ಹಿಂದೆಯೇ ಅಲೆಕ್ಸಾಂಡರ್ ರೀ ತಮ್ಮ ಚಾಲುಕ್ಯ ವಾಸ್ತುಗ್ರಂಥದಲ್ಲಿ ಇವನ್ನು ವರ್ಣಿಸಿದ್ದಾರೆ. ನೀವು ಬಂದಾಗ ಹೊಲದ ಬದುವಿನ ಬೇವು ಹೊಂಗೆಗಳನ್ನೂ ನೋಡಿರಿ. ಅವು ಹೂತಳೆಯುವ ಹೊತ್ತಿಗೇ ಅಶ್ವಿನಿ, ಭರಣಿ ಮಳೆಗಳ ಕಾಲ. ರೈತನು ಭರಣಿಗೆ ಧರಣಿಯ ಪ್ರಾಸ ಕೂಡಿಸಿ ಹೊಗಳುತ್ತಾನೆ. ಜೇನಿಗೆ ಮಾತು ಬಂದಿದ್ದರೆ ಬೇರೆ ಗಾದೆಯೇ ಹುಟ್ಟುತ್ತಿತ್ತು.

ಕಾರಣವನ್ನು ವಿಚಾರಿಸೋಣ. ಹನಿ ಬೀಳುವಾಗ ನೊಣ ಹಾರದು. ಹೂವಿನ ಮಕರಂದ ತೊಳೆದು ಹೋಗುತ್ತದೆ, ಇಲ್ಲವೆ ನೀರಾಗುತ್ತದೆ. ಪರಾಗವೂ ನೆನೆದು ಕೆಡುತ್ತದೆ. ವಸಂತದ ಗೂಡಾದರೋ ಮರಿಹುಳುಗಳಿಂದ ತುಂಬಿದ ಬಾಣಂತಿ ಮನೆ. ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ದಿನವೂ ಊಟ ಬೇಕು. ಹೊರಗಿನಿಂದ ಏನೂ ಬಾರದಿರುವಾಗ ಕೂಡಿಟ್ಟ ಜೇನೇ ಕರಗುತ್ತದೆ. ಮುಸುಕು ಹಲವು ದಿನ ಹಿಡಿದರೆ ರಾಣಿ ಮೊಟ್ಟೆಯಿಡುವುದನ್ನು ತಗ್ಗಿಸುತ್ತದೆ. ಬಡ ಕುಟುಂಬ ಉಪವಾಸದಿಂದ ಸಾಯುವುದೂ ಉಂಟು. ಅವಸರಪಟ್ಟು ಹಸಿಜೇನು ತೆಗೆದವನಿಗೆ ಸಿಗುವುದು ನೀರುಜೇನು, ಬೇಗ ಹುಳಿಯುವಂಥದು.

ಕಾಡಿನ ಜೇನನ್ನು ಕೊಯ್ದು ತರುತ್ತಿದ್ದ ಕಾಲದಲ್ಲಿ ಈ ನಷ್ಟಕ್ಕೆ ಲೆಕ್ಕವಿರಲಿಲ್ಲ, ಸತ್ತದ್ದು ಕಾಡಿನದು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಎರಿಗಳನ್ನು ಎತ್ತಿ ಇಡಬಹುದಾದ ಪೆಟ್ಟಿಗೆಯ ಮರ್ಮವನ್ನು ಕಂಡುಕೊಂಡರು. ದಕ್ಷಿಣ ಭಾರತದಲ್ಲಿ 1911ರಿಂದ 1917ರವರೆಗೆ ಪಾದ್ರಿ ನ್ಯೂಟನ್ ನಮ್ಮ ಪುಟ್ಟ ತುಡುವೆಗೆ ಒಪ್ಪುವ ಪೆಟ್ಟಿಗೆ ಮಾಡಿ ಹಳ್ಳಿಗರಿಗೆ ಕಲಿಸಿದರು. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಜೇನು ಪೆಟ್ಟಿಗೆಗೆ ಬಂದಿತು; ಅದರ ಹಸಿವು ಒಡೆಯನ ಪಾಲಿಗೆ ಬಂದಿತು.

ಕೊಡಗಿನವರ ಇಕ್ಕಟ್ಟು ವಿಚಿತ್ರ. ಅಲ್ಲಿ ವಸಂತದ ಹೂಮಳೆ ಬಾರದಿದ್ದರೆ ಕಾಫಿ ಅರಳದು. ಬಂದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಹೂ ಇರುವುದು ಕೆಲವೇ ದಿನ. ಆ ದಿನಗಳಲ್ಲೇ ಮತ್ತೆ ಮಳೆ ಸುರಿದರೆ ತೋಟದವನಿಗೂ ನಷ್ಟ, ಜೇನಿನವನಿಗೂ ನಷ್ಟ. ರೊಬಸ್ಟಾ ಗಿಡಕ್ಕಂತೂ ಬೇರೆ ಗಿಡದ ಪರಾಗ ಬಂದಲ್ಲದೆ ಕಾಯಿ ಕಟ್ಟದು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಮರಿಹುಳುಗಳಿಗೆ ತಗುಲಿ ಕರ್ನಾಟಕದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿತು. ಮಳೆಯ ಹಸಿವಿಗೆ ಸಕ್ಕರೆಯ ಪಾಕವಾದರೂ ಇತ್ತು; ಇದಕ್ಕೆ ಮದ್ದೇ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳು ಬರಿದಾಗಿ ಅಟ್ಟ ಸೇರಿದವು. ಉಳಿದ ಕೆಲವು ಕುಟುಂಬಗಳಿಂದಲೇ ಕಸುಬು ಮರಳಿ ಚಿಗುರಿತು.

ಈಗಲೂ ಮೋಡ ಕವಿದ ಚೈತ್ರದಲ್ಲಿ ತಿಳಿದವನು ಪೆಟ್ಟಿಗೆಯನ್ನು ಕೈಯಿಂದ ತುಸು ಎತ್ತಿ ತೂಕ ನೋಡುತ್ತಾನೆ. ಹಗುರವೆನಿಸಿದರೆ ಸಮ ನೀರು ಸಮ ಸಕ್ಕರೆಯ ಪಾಕವನ್ನು ಕರಟದಲ್ಲಿ ತುಂಬಿ, ನೊಣ ಮುಳುಗದಂತೆ ಕಡ್ಡಿ ತೇಲಿಸಿ, ಒಳಗಿಡುತ್ತಾನೆ. ಅದೂ ಸಂಜೆಯ ಮೇಲೆ. ಹಗಲಾದರೆ ನೆರೆಗೂಡಿನ ನೊಣಗಳು ದರೋಡೆಗೆ ಬರುತ್ತವೆ.